ಕುಸಿದ ಹಾಸಿಗೆ: ಜರ್ಮನಿಯವರ ಮಂಚ, ನಮ್ಮವರ ಸೂಜಿ

ಬೆಂಗಳೂರಿನಲ್ಲಿ ಹಾಸಿಗೆಯ ನಡು ಕುಸಿದರೆ ಈಗ ಕೈ ನೇರ ಮೊಬೈಲಿಗೆ ಹೋಗುತ್ತದೆ. ಬುಕ್ ಮಾಡಿದರೆ ಸಾಕು, ಸುರುಳಿ ಸುತ್ತಿ ಡಬ್ಬಕ್ಕೆ ತುಂಬಿದ ಹೊಸ ಹಾಸಿಗೆ ಬಾಗಿಲಿಗೇ ಬರುತ್ತದೆ. ಕರ್ಲಾನ್‌ನಿಂದ ಹಿಡಿದು 2016ರಲ್ಲಿ ಶುರುವಾದ ವೇಕ್‌ಫಿಟ್‌ವರೆಗೆ ಈ ವ್ಯಾಪಾರದ ಹಲವು ದೊಡ್ಡ ಹೆಸರುಗಳು ಬೆಳೆದದ್ದೇ ಬೆಂಗಳೂರಿನಲ್ಲಿ, ಇನ್ನು ಊರಿನವರನ್ನು ದೂರಿ ಏನು ಪ್ರಯೋಜನ. ನಾನಿರುವ ಜರ್ಮನಿಯಲ್ಲಿ ಕ್ರಮ ಬೇರೆ. ಇಲ್ಲಿನವರು ಹಾಸಿಗೆ ಎತ್ತಿ ಮೊದಲು ಮಂಚದ ತಳ ನೋಡುತ್ತಾರೆ. ಆದರೆ ತಪ್ಪು ಹಾಸಿಗೆಯದ್ದೇ ಅಂತಾದರೆ ಅದನ್ನು ಬಿಚ್ಚಿ ಸರಿಮಾಡುವ ಕೈ ಸಿಗುವುದು ಕಷ್ಟ, ಸಿಕ್ಕರೂ ಕೂಲಿಗೆ ಹೊಸದೇ ಬರುತ್ತದೆ. ತಳ ನೋಡುವುದನ್ನು ಇವರಿಂದ ಕಲಿಯೋಣ, ಬಿಚ್ಚಿ ಹೊಲಿಯುವುದನ್ನು ನಾವು ಕೈಬಿಡುವುದು ಬೇಡ. ನಾನು ಹೇಳಹೊರಟಿರುವುದು ಇಷ್ಟೇ.

ಮೊದಲು ಅಳೆಯಿರಿ. ಬೆಡ್‌ಶೀಟ್ ತೆಗೆದು ಹಾಸಿಗೆಯನ್ನು ಎರಡು ಮೂರು ಗಂಟೆ ಖಾಲಿ ಬಿಡಿ. ಅಂಚಿನಿಂದ ಅಂಚಿಗೆ ದಾರ ಬಿಗಿಯಾಗಿ ಎಳೆದು ಹಿಡಿದು, ತೀರಾ ಆಳವಾದ ಕಡೆ ಸ್ಕೇಲ್ ನಿಲ್ಲಿಸಿ ನೋಡಿ. ಹೆಚ್ಚಿನ ವಾರಂಟಿಗಳು ಒಂದು ಇಂಚಿನ ಆಸುಪಾಸು ಅಥವಾ ಅದಕ್ಕಿಂತ ಆಳದ ಗುಂಡಿಯನ್ನು ಮಾತ್ರ ಲೆಕ್ಕಕ್ಕೆ ತೆಗೆದುಕೊಳ್ಳುತ್ತವೆ, ಅದೂ ಮೇಲೆ ಯಾರೂ ಮಲಗಿಲ್ಲದಾಗ. ಆಮೇಲೆ ಅದೇ ಹಾಸಿಗೆಯನ್ನು ನೆಲಕ್ಕೆ ಹಾಕಿ ಮತ್ತೊಮ್ಮೆ ಅಳೆಯಿರಿ. ಗುಂಡಿ ಮಾಯವಾದರೆ, ಇಲ್ಲವೇ ನೆಲದ ಮೇಲೆ ಎರಡು ರಾತ್ರಿ ಮಲಗಿ ಸೊಂಟ ಹಗುರಾದರೆ, ಖರ್ಚು ಮಾಡಬೇಕಾದ್ದು ಕಾಟ್‌ಗೆ.

ಜರ್ಮನ್ ಮಂಚದಲ್ಲಿ ಸಾಮಾನ್ಯವಾಗಿ ಪ್ಲೈವುಡ್ ಇರುವುದಿಲ್ಲ. ಲಾಟನ್‌ರೋಸ್ಟ್ ಅನ್ನುವ ಚೌಕಟ್ಟಿನಲ್ಲಿ ಮರದ ತೆಳು ಪಟ್ಟಿಗಳು ತುಸು ಮೇಲಕ್ಕೆ ಬಾಗಿ ಕೂತಿರುತ್ತವೆ. 90 ಸೆಂಟಿಮೀಟರ್ ಅಗಲದ್ದಕ್ಕೆ 28 ಪಟ್ಟಿ ಮಾಮೂಲು, ತುದಿಗಳಿಗೆ ರಬ್ಬರ್ ಟೋಪಿ. ಸೊಂಟದ ಜಾಗದ ಪಟ್ಟಿಗಳಿಗೆ ಜಾರುವ ಕ್ಲಿಪ್ ಇರುತ್ತದೆ. ಅಂಚಿನ ಕಡೆ ಸರಿಸಿದರೆ ಗಟ್ಟಿ, ನಡುವಿಗೆ ಸರಿಸಿದರೆ ಮೆತ್ತಗೆ. ಪಟ್ಟಿಯ ಬಾಗು ಇಳಿದರೆ, ಟೋಪಿ ಒಡೆದರೆ, ಅದೊಂದನ್ನೇ ತಂದು ಹಾಕಿಕೊಳ್ಳಬಹುದು. ಕೆಳಗಿನಿಂದ ಗಾಳಿ ಆಡುವುದರಿಂದ ತಳ ಒಣಗಿರುತ್ತದೆ.

ನಮ್ಮ ಬಾಕ್ಸ್ ಕಾಟ್‌ನಲ್ಲಿ ರಜಾಯಿಯಿಂದ ಹಬ್ಬದ ಪಾತ್ರೆವರೆಗೆ ಎಲ್ಲದಕ್ಕೂ ಜಾಗ ಇದೆ. ಮಲಗುವವರ ಭಾರ ಹೊರುವ ಮುಚ್ಚಳ ಮಾತ್ರ ಎಷ್ಟೋ ಕಡೆ 6 ಎಂ.ಎಂ. ಅಥವಾ 9 ಎಂ.ಎಂ. ಪ್ಲೈ. ಆಸರೆಯಿಲ್ಲದೆ ಮೂರಡಿ ಹಾಸಿದ 6 ಎಂ.ಎಂ. ಹಲಗೆ ಬಾಗದೆ ಇನ್ನೇನು ಮಾಡೀತು! ಮೈಸೂರು ರಸ್ತೆಯ ಟಿಂಬರ್ ಯಾರ್ಡ್ ಲೇಔಟ್‌ನಂಥ ಕಡೆ 18 ಎಂ.ಎಂ. ಪ್ಲೈ ಅಳತೆಗೆ ಕತ್ತರಿಸಿ ತಂದರೆ ಅರ್ಧ ದಿನದ ಕೆಲಸ. ಹೈಡ್ರಾಲಿಕ್ ಕಾಟ್‌ಗೆ ಇದು ಬೇಡ, ಹಲಗೆಯ ಭಾರ ಹೆಚ್ಚಾದರೆ ಗ್ಯಾಸ್ ದಂಡ ಎತ್ತುವುದಿಲ್ಲ. ಹಳೆ ಪ್ಲೈಯನ್ನೇ ಉಳಿಸಿಕೊಳ್ಳುವುದಾದರೆ ಅಡಿಯಲ್ಲಿ ಒಂದೊಂದು ಅಡಿಗೆ 3 ಇಂಚು ಅಗಲ, ಒಂದೂವರೆ ಇಂಚು ದಪ್ಪದ ಮರದ ರೀಪರ್ ಪಟ್ಟಿ ಕೊಡಿಸಿ. ಬಡಗಿ ಅದನ್ನು ಮಲಗಿಸಿ ಹೊಡೆಯುತ್ತೇನೆ ಅಂದರೆ ಒಪ್ಪಬೇಡಿ, ಒಂದೂವರೆ ಇಂಚಿನ ಮಗ್ಗುಲು ಪ್ಲೈಗೆ ತಾಗುವಂತೆ ನಿಲ್ಲಿಸಿಯೇ ಹೊಡೆಯಬೇಕು. ಈ ಅಳತೆಯ ರೀಪರ್ ನಿಂತಾಗ ಮಲಗಿದ್ದಕ್ಕಿಂತ ನಾಲ್ಕು ಪಟ್ಟು ಬಿಗಿ. ಮೇಲಿನಿಂದ ಎರಡಿಂಚಿನ ಸ್ಕ್ರೂ, ತಲೆ ಪ್ಲೈಯೊಳಗೆ ಮುಳುಗಿರಲಿ, ಇಲ್ಲದಿದ್ದರೆ ಹಾಸಿಗೆ ಬಟ್ಟೆ ಹರಿಯುತ್ತದೆ. ಆರಡಿ ಅಗಲದ ಕಾಟ್‌ಗೆ ನಡುವೆ ಒಂದು ಕಾಲು ಬೇಕೇ ಬೇಕು. ಹಾಗೆಯೇ ಎಂಟೆಂಟು ಇಂಚಿಗೆ ಒಂದಿಂಚಿನ ತೂತು ಕೊರೆಸಿಬಿಡಿ. ಜೂನ್‌ನಿಂದ ಅಕ್ಟೋಬರ್‌ವರೆಗೆ ಹಾಸಿಗೆ ತಳಕ್ಕೆ ಬೂಷ್ಟು ಹಿಡಿಯುವುದು ತೂತಿಲ್ಲದ ಪ್ಲೈಯಿಂದಲೇ.

ಕಾಟ್ ಸರಿ ಇದ್ದೂ ಗುಂಡಿ ಹಾಗೇ ಇದ್ದರೆ ಒಳಗೇನಿದೆ ಅನ್ನುವುದರ ಮೇಲೆ ಎಲ್ಲ ನಿಂತಿದೆ. ಹತ್ತಿ ಗಾದಿಯಾದರೆ ಎಸೆಯುವ ಪ್ರಶ್ನೆಯೇ ಇಲ್ಲ. ಬೆವರು, ತೇವ, ಭಾರಕ್ಕೆ ಎಳೆಗಳು ಒಂದಕ್ಕೊಂದು ಹೆಣೆದು ಗಂಟು ಕಟ್ಟುತ್ತವೆ; ಎಕ್ಕಿಸಿದರೆ, ಅಂದರೆ ಹಿಂಜಿಸಿದರೆ, ಮತ್ತೆ ಬಿಡಿಬಿಡಿಯಾಗಿ ಉಬ್ಬುತ್ತವೆ. ಪಿಂಜಾರರು ಬಿಲ್ಲು ಹೆಗಲಿಗೇರಿಸಿ ಬೀದಿಗೆ ಬರುವುದು ಕಡಿಮೆಯಾಗಿದೆ, ಈಗ ಹೆಚ್ಚಾಗಿ ಯಂತ್ರ. ಯಾರೇ ಮಾಡಲಿ, ಕಣ್ಣೆದುರೇ ತೂಗಿಸಿ. ಮೂರಡಿ ಅಗಲದ ಸಿಂಗಲ್ ಗಾದಿಯಲ್ಲಿ ಸುಮಾರು ಹತ್ತು ಕಿಲೋ ಹತ್ತಿ ಇರುತ್ತದೆ. ಹಿಂಜುವಾಗ ಚೂರು ಎಳೆ, ಧೂಳು ಉದುರಿ ಒಂದು ಕಿಲೋ ಆಚೀಚೆ ಕಳೆಯುವುದು ಸಹಜ, ಅಷ್ಟನ್ನು ಹೊಸ ಹತ್ತಿ ಸೇರಿಸಿ ತುಂಬಬೇಕು. ಹೊಸ ಹತ್ತಿಯಲ್ಲಿ ಬಣ್ಣದ ದಾರದ ತುಣುಕು ಕಂಡರೆ ಅದು ಗಿರಣಿಯ ವೇಸ್ಟ್. ಎಳೆ ಗಿಡ್ಡ, ಬೇಗ ಮತ್ತೆ ಗಂಟಾಗುತ್ತದೆ. ಬೂರುಗದ ಹತ್ತಿಯನ್ನು ಯಂತ್ರಕ್ಕೆ ಕೊಡಬೇಡಿ. ಅದರ ಎಳೆ ಟೊಳ್ಳು, ನುಣುಪು, ಮುರಿದು ಪುಡಿಯಾಗುತ್ತದೆ. ಬಿಸಿಲಿಗೆ ಹರಡಿ ಕೋಲಿನಲ್ಲಿ ಮೆಲ್ಲಗೆ ಬಡಿದರೆ ಸಾಕು.

ಬಟ್ಟೆ ಬದಲಿಸುವುದಾದರೆ ತುಂಬಿದ ಮೇಲೆ ಅಳತೆ ಕುಗ್ಗುತ್ತದೆ ಅಂತ ನೆನಪಿರಲಿ; ಉದ್ದಕ್ಕೂ ಅಗಲಕ್ಕೂ ನಾಲ್ಕು ನಾಲ್ಕು ಇಂಚು ಹೆಚ್ಚಿಗೆ ಕತ್ತರಿಸಬೇಕು. 45 ಇಂಚು ಪನ್ನದ (ಅಗಲದ) ಬಟ್ಟೆಯಾದರೆ ಆರಡಿ ಉದ್ದದ ಸಿಂಗಲ್ ಗಾದಿ ನಾಲ್ಕು ಮೀಟರಿನಲ್ಲಿ ಮುಗಿಯುತ್ತದೆ. ಅವಸರದ ಕೆಲಸದವರು ಎಡವುವುದು ಅಡ್ಡ ಹೊಲಿಗೆಯಲ್ಲಿ. ಉದ್ದ ಸೂಜಿಯಲ್ಲಿ ಮೇಲಿಂದ ಕೆಳಗೆ ಚುಚ್ಚಿ, ಗಂಟು ಬಿಗಿದು, ಆರರಿಂದ ಎಂಟು ಇಂಚಿಗೊಂದು ಹಿಡಿತ ಕೊಡದಿದ್ದರೆ ಹತ್ತಿ ನಡುವಿನಿಂದ ಅಂಚಿಗೆ ಸರಿಯುತ್ತದೆ. ಎಕ್ಕಿಸಿ ಆರೇ ತಿಂಗಳಾಯಿತು, ಮತ್ತೆ ಗುಂಡಿ ಅನ್ನುವವರ ಗಾದಿಯಲ್ಲಿ ಹೊಲಿಗೆಗಳ ನಡುವಿನ ಅಂತರ ಅಳೆದು ನೋಡಿ, ಒಂದಡಿ ಮೀರಿರುತ್ತದೆ.

ತೆಂಗಿನ ನಾರಿನ ಹಾಸಿಗೆಗೆ ಈ ಭಾಗ್ಯವಿಲ್ಲ. ನಾರನ್ನು ಹಿಡಿದಿರುವುದು ರಬ್ಬರ್ ಹಾಲು. ಅದು ಒಣಗಿ ಸೆಟೆದ ಮೇಲೆ ಕಂದು ಪುಡಿ ಉದುರುತ್ತದೆ, ಆಗ ಕಥೆ ಮುಗಿಯಿತು. ಸ್ಪ್ರಿಂಗ್ ಹಾಸಿಗೆಯಲ್ಲಿ ಸಾಮಾನ್ಯವಾಗಿ ಮೊದಲು ಸೋಲುವುದು ಸ್ಪ್ರಿಂಗ್ ಅಲ್ಲ, ಅದರ ಮೇಲಿನ ಫೋಮ್. ಅಂಚಿನ ಟೇಪಿನ ಹೊಲಿಗೆ ಬಿಚ್ಚಿ, ಸ್ಪ್ರಿಂಗ್ ಮೇಲಿನ ಫೆಲ್ಟ್ ಹರಿದಿದ್ದರೆ ಅದನ್ನೂ ಬದಲಿಸಿ, ಹೊಸ ಫೋಮ್ ಹಾಕಿ ಹೊಲಿಯಬಹುದು. ಜೆ.ಸಿ. ರಸ್ತೆ ಕಡೆಯ ಸೀಟು ಕೆಲಸದವರನ್ನು, ಸೋಫಾ ಕುಷನ್ ಮಾಡುವವರನ್ನು ಕೇಳಿ ನೋಡಿ. ಈ ಅನುಕೂಲ ಜರ್ಮನಿಯಲ್ಲಿ ದುಡ್ಡು ಕೊಟ್ಟರೂ ಸುಲಭಕ್ಕೆ ಸಿಗದು. ಜಿಪ್ ಇರುವ ಫೋಮ್ ಹಾಸಿಗೆ ಇನ್ನೂ ಸುಲಭ. ಮೇಲಿನ ಎರಡಿಂಚಿನ ಪದರ ತೆಗೆದು ಅಷ್ಟೇ ದಪ್ಪದ 40 ಡೆನ್ಸಿಟಿಯ ಎಚ್.ಆರ್. (ಹೈ ರೆಸಿಲಿಯೆನ್ಸ್, ಒತ್ತಿದರೆ ಬೇಗ ಪುಟಿದೇಳುವ) ಫೋಮ್ ಹಾಕಿಸಿ. ಅಂಗಡಿಯವರು ‘ಗಟ್ಟಿ ಇದೆ ಸಾರ್’ ಅಂದರೆ ಅದು ಉತ್ತರವಲ್ಲ. ಗಟ್ಟಿತನ ಬೇರೆ, ಡೆನ್ಸಿಟಿ ಬೇರೆ. ಡೆನ್ಸಿಟಿ ಅಂದರೆ ಒಂದು ಘನ ಮೀಟರಿಗೆ ಎಷ್ಟು ಕಿಲೋ ಅನ್ನುವುದು, ಬಾಳಿಕೆ ನಿಂತಿರುವುದು ಅದರ ಮೇಲೆ. ಪದರಗಳು ಅಂಟಿಸಿದ್ದಾದರೆ ಕೀಳುವಾಗ ಕೆಳಗಿನದೂ ಹರಿಯುತ್ತದೆ, ಮೊದಲು ಒಂದು ಮೂಲೆ ಎಬ್ಬಿಸಿ ನೋಡಿ.

ಗುಂಡಿ ಬಿದ್ದದ್ದರ ಮೇಲೆ ಟಾಪರ್ ಅನ್ನುವ ತೆಳು ಮೇಲ್ಹಾಸು ಹಾಸುವುದು ದಂಡ, ಅದೂ ಗುಂಡಿಯೊಳಗೇ ಇಳಿಯುತ್ತದೆ. ಸಮತಟ್ಟಾಗಿದ್ದು ಬರೀ ಗಟ್ಟಿಯಾದ ಹಾಸಿಗೆಗೆ ಮಾತ್ರ ಅದು ಸರಿ. ಎಲ್ಲ ಹಾಸಿಗೆಯನ್ನೂ ಟೆರೇಸಿನಲ್ಲಿ ಬಿಸಿಲಿಗೆ ಹಾಕುವುದು ನಮ್ಮ ಅಭ್ಯಾಸ, ಅದು ಹತ್ತಿಗೆ ಅಮೃತ. ಲೇಟೆಕ್ಸ್, ಫೋಮ್, ನಾರಿನ ಹಾಸಿಗೆಗೆ ನೆರಳಿನ ಗಾಳಿಯೇ ಬೇಕು, ಬಿಸಿಲಿಗೆ ರಬ್ಬರ್ ಸೆಟೆಯುತ್ತದೆ, ಫೋಮ್ ಹಳದಿಯಾಗಿ ಪುಡಿಯಾಗುತ್ತದೆ.

ಕೊಳ್ಳುವ ವಿಷಯದಲ್ಲಿ ಮಾತ್ರ ಜರ್ಮನಿಯವರ ಮೇಲೆ ನನಗೆ ಹೊಟ್ಟೆಕಿಚ್ಚು. ಯುರೋಪಿನ ಬಾಳಿಕೆ ಪರೀಕ್ಷೆಯಲ್ಲಿ ಸುಮಾರು 140 ಕಿಲೋ ಭಾರದ ರೋಲರನ್ನು ಹಾಸಿಗೆ ಮೇಲೆ 30,000 ಸಲ ಉರುಳಿಸುತ್ತಾರೆ. ಆನ್‌ಲೈನ್‌ನಲ್ಲಿ ಕೊಂಡ ಹಾಸಿಗೆಯ ಪ್ಲಾಸ್ಟಿಕ್ ಹರಿದ ಮೇಲೂ 14 ದಿನದೊಳಗೆ ಹಿಂತಿರುಗಿಸುವ ಹಕ್ಕಿದೆ ಅಂತ ಯುರೋಪಿಯನ್ ನ್ಯಾಯಾಲಯ 2019ರ ಮಾರ್ಚ್‌ನಲ್ಲಿ ಹೇಳಿದೆ. ನಮ್ಮಲ್ಲಿ ನೂರು ರಾತ್ರಿಯ ಟ್ರಯಲ್ ಅನ್ನುವುದು ಕಂಪನಿ ತಾನಾಗಿ ಕೊಡುವ ಮಾತು, ಷರತ್ತು ಓದಿಕೊಳ್ಳಬೇಕು. ಜರ್ಮನಿಯ ಎಚ್2, ಎಚ್3 ಅನ್ನುವ ಗಟ್ಟಿತನದ ನಂಬರ್ ಒಂದೊಂದು ಕಂಪನಿಗೆ ಒಂದೊಂದು ತರಹ, ನಮ್ಮ ‘ಆರ್ಥೋ’ ಚೀಟಿಗಿಂತ ಅದೇನೂ ಮೇಲಲ್ಲ.

ಹೊಸದೇ ತರುವುದಾದರೆ ಹಳೆ ಹಾಸಿಗೆಯ ಅಳತೆ ಕೊಡಬೇಡಿ, ಕಾಟ್‌ನ ಒಳ ಅಳತೆ ಕೊಡಿ. 72ಕ್ಕೆ 78 ಇಂಚು ಅನ್ನುವುದು ಅಂಗಡಿಯ ಲೆಕ್ಕ, ಬಡಗಿ ಮಾಡಿದ ಕಾಟ್‌ನ ಉದ್ದ 75 ಇರಬಹುದು, 77 ಇರಬಹುದು. ಮೂರು ಕಡೆ ಅಳೆದು ತೀರಾ ಚಿಕ್ಕದರಿಂದ ಅರ್ಧ ಇಂಚು ಕಳೆಯಿರಿ. ಹಳೆಯದರ ಸ್ಪ್ರಿಂಗನ್ನು ಗುಜರಿಯವರು ಒಯ್ಯುತ್ತಾರೆ, ಹತ್ತಿ ದಿಂಬಾಗುತ್ತದೆ, ಚೊಕ್ಕ ಇರುವ ಫೋಮನ್ನು ಕತ್ತರಿಸಿದರೆ ಊಟದ ಮೇಜಿನ ಕುರ್ಚಿಗೆ ಸೀಟಾಗುತ್ತದೆ. ಇದ್ಯಾವುದೂ ಆಗದಿದ್ದರೆ, ಹೊಸದನ್ನು ತರುವವರಿಗೆ ಹಳೆಯದನ್ನು ಒಯ್ಯುತ್ತೀರಾ ಅಂತ ಬುಕ್ ಮಾಡುವ ಮುಂಚೆಯೇ ಕೇಳಿ. ಡಬ್ಬ ಬಾಗಿಲಿಗೆ ಬಂದ ಮೇಲೆ ಕೇಳಿದರೆ ಹೂಂ ಅನ್ನುವವರು ಕಡಿಮೆ.