ರೈಲಿಗಿಂತ ಮೊದಲು ಬಂದವರು

ಜುಲೈ 24 ಬಂತೆಂದರೆ ಅಮೆರಿಕದ ಯೂಟಾ ರಾಜ್ಯದ ಸಾಲ್ಟ್ ಲೇಕ್ ಸಿಟಿಯ ನಮ್ಮ ಆಫೀಸಿಗೆ ರಜೆ. 1847ರಲ್ಲಿ ಮಾರ್ಮನ್ ಎಂಬ ಕ್ರೈಸ್ತ ಪಂಥದ ಮುಂದಾಳು ಬ್ರಿಗಮ್ ಯಂಗ್ ಈ ಕಣಿವೆಗೆ ಕಾಲಿಟ್ಟ ದಿನ ಅದು. ಮೆರವಣಿಗೆ ನೋಡಲು ನಿಂತರೆ, ಪಕ್ಕದಲ್ಲಿದ್ದವರು ತಮ್ಮ ಮುತ್ತಜ್ಜಿಯ ತಾಯಿ ಯಾವ ತಂಡದ ಜೊತೆ, ಯಾವ ತಿಂಗಳು ನಡೆದು ಬಂದಳೆಂದು ಹೇಳತೊಡಗುತ್ತಾರೆ. ನನಗೆ ನನ್ನ ಮುತ್ತಜ್ಜಿಯ ಹೆಸರೇ ಗೊತ್ತಿಲ್ಲ.

ಇಲ್ಲಿ 'ಪಯನಿಯರ್', ಅಂದರೆ ಮೊದಲು ಬಂದು ನೆಲೆಸಿದವರು, ಅನ್ನಿಸಿಕೊಳ್ಳಲು ಒಂದು ಗೆರೆ ಇದೆ. 1901ರಲ್ಲಿ ಶುರುವಾದ ಡಾಟರ್ಸ್ ಆಫ್ ಯೂಟಾ ಪಯನಿಯರ್ಸ್ ಸಂಘ ಸೇರಬೇಕಾದರೆ, ಪೂರ್ವಜರಲ್ಲಿ ಒಬ್ಬರಾದರೂ 1869ರ ಮೇ 10ಕ್ಕೆ ಮೊದಲು ಬಂದಿರಬೇಕು. ಪೂರ್ವದ ಮತ್ತು ಪಶ್ಚಿಮದ ರೈಲು ಹಳಿಗಳು ಪ್ರೊಮಾಂಟರಿಯಲ್ಲಿ ಕೂಡಿದ್ದು ಅಂದು. ಬಂಡಿ ಹೊಡೆದುಕೊಂಡೋ ಕೈಗಾಡಿ ಎಳೆದುಕೊಂಡೋ ಬಂದವರು ಮೂಲದವರು, ಮರುವಾರ ಟಿಕೆಟ್ ತಗೊಂಡು ಬಂದವರು ಅಲ್ಲ. ವಿಮಾನದಲ್ಲಿ ಬಂದ ನನ್ನ ಮಾತು ಬಿಡಿ. ಆ ಹಳಿ ಹಾಸಿದ ಚೀನೀ ಕೂಲಿಗಳ ಮನೆತನದ ಕಥೆಯನ್ನು ಇಲ್ಲಿ ಯಾರೂ ಇಷ್ಟು ಹೆಮ್ಮೆಯಿಂದ ಹೇಳಿದ್ದು ನಾನು ಕೇಳಿಲ್ಲ. ಎಲ್ಲರಿಗಿಂತ ಮೊದಲೇ ಇದ್ದ ಯೂಟ್, ಶೊಶೋನಿ, ಗೊಶೂಟ್ ಜನರು 'ಬಂದವರೇ' ಅಲ್ಲವಲ್ಲ!

ಆದರೂ ಈ ಮಾರ್ಮನ್ನರು ದಾಖಲೆ ಕಾಯ್ದಿಟ್ಟ ಬಗೆಗೆ ಕೈಮುಗಿಯಲೇಬೇಕು. ತೀರಿಹೋದ ಹಿರಿಯರ ಪರವಾಗಿ ದೀಕ್ಷೆ ಪಡೆಯುವ ಪದ್ಧತಿ ಅವರ ಚರ್ಚಿನಲ್ಲಿದೆ. ಅದಕ್ಕೆ ಹೆಸರು ಬೇಕು, ಹೆಸರಿಗೆ ದಾಖಲೆ ಬೇಕು. 1938ರಿಂದ ಮೈಕ್ರೋಫಿಲ್ಮ್ ಮಾಡುತ್ತ ಹೋಗಿ ಸುಮಾರು 24 ಲಕ್ಷ ಸುರುಳಿ ಕೂಡಿಸಿದರು, ಊರಾಚೆಯ ಗ್ರಾನೈಟ್ ಬೆಟ್ಟವನ್ನೇ ಕೊರೆದು ಒಳಗಿಟ್ಟರು. ಹರಿದ್ವಾರದ ಪಂಡಾಗಳ, ಅಂದರೆ ತೀರ್ಥಪುರೋಹಿತರ, ವಂಶಾವಳಿ ವಹಿಗಳೂ ಆ ಸುರುಳಿಗಳಲ್ಲಿವೆ. ಇಲ್ಲಿನ ಲೈಬ್ರರಿಗೆ ಯಾರು ಬೇಕಾದರೂ ಹೋಗಬಹುದು, ದುಡ್ಡು ಕೇಳುವುದಿಲ್ಲ. ಒಮ್ಮೆ 1856ರ ಕೈಗಾಡಿ ತಂಡವೊಂದರ ಪಟ್ಟಿ ತೆರೆದೆ. ಆ ವರ್ಷ ಎರಡು ತಂಡಗಳು ವಯೋಮಿಂಗಿನ ಹಿಮದಲ್ಲಿ ಸಿಕ್ಕಿಬಿದ್ದು ಇನ್ನೂರಕ್ಕೂ ಹೆಚ್ಚು ಜನ ಸತ್ತರು. ಕೂಸುಗಳ ಹೆಸರೂ ಇವೆ, ಹೆಂಗಸರ ತವರಿನ ಅಡ್ಡಹೆಸರೂ ಇವೆ.

ನಮ್ಮ ಬಾಗಲಕೋಟೆ ಕಡೆ ಈ ಕೆಲಸ ಮನೆಮನೆಗೆ ಬಂದು ವಂಶಾವಳಿ ಹೇಳುವ ಹೆಳವರದು. ಸುಗ್ಗಿ ಮುಗಿದ ಮೇಲೆ ಎತ್ತಿನ ಗಂಟೆ ಕೇಳಿಸಿದರೆ ಹೆಳವ ಬಂದನೆಂದೇ ಲೆಕ್ಕ. ಅರಿವೆಯಲ್ಲಿ ಸುತ್ತಿದ ಹೊತ್ತಿಗೆ ಬಿಚ್ಚಿ, ಬೆಡಗಿನಿಂದ (ಕುಲದ ಕವಲಿನಿಂದ) ಹಿಡಿದು ಮೂಲ ಊರಿನವರೆಗೆ ಒಂದೇ ಉಸಿರಿಗೆ ಹೇಳುತ್ತಿದ್ದ: "ಧಾತು-ಈಶ್ವರ ಬರದಾಗ ಅಣ್ಣ-ತಮ್ಮ ಇಬ್ಬರು, ಒಂದ ಎತ್ತು ಹೊಡಕೊಂಡು ಹೊಳಿ ದಂಡಿಗೆ ಬಂದ್ರು. ಅಣ್ಣ ಇಲ್ಲೇ ಉಳದ, ತಮ್ಮ ಸಾಲಕ್ಕಂಜಿ ಸೊಲ್ಲಾಪುರದ ಕಡೆ ಹ್ವಾದ." ಧಾತು-ಈಶ್ವರ ಅಂದರೆ 1876-78ರ ಬರ. ಯೂಟಾದ ಪಟ್ಟಿಯಲ್ಲಿ ಬಂದ ತಾರೀಕು ಸಿಕ್ಕೀತು, 'ಸಾಲಕ್ಕಂಜಿ' ಸಿಗುವುದು ಕಷ್ಟ. ಈ ಗೆದ್ದವರ ಮೆರವಣಿಗೆಗಿಂತ ಓಡಿಹೋದ ಆ ತಮ್ಮನೇ ನನಗೆ ಹತ್ತಿರದವನು ಅನ್ನಿಸುತ್ತದೆ.

ಗೆಳೆಯರು ಹೇಳುತ್ತಾರೆ: ಹೆಳವನ ಹೊತ್ತಿಗೆಯನ್ನೆಲ್ಲ ಸ್ಕ್ಯಾನ್ ಮಾಡಿ ಇಂಟರ್ನೆಟ್ಟಿಗೆ ಹಾಕಿಬಿಡು. ಮೊದಲು ನಾನೂ ಹಾಗೇ ಅಂದುಕೊಂಡಿದ್ದೆ. ಹೋದ ಸಲ ಊರಿಗೆ ಹೋದಾಗ ಮೊಬೈಲ್ ತೆಗೆದೆ. ಹೆಳವ ಹೊತ್ತಿಗೆ ಮುಚ್ಚಿದ. "ನೀ ಫೋಟೋ ಹೊಡಕೊಂಡ್ರ ಮುಂದಿನ ಸಲ ನಾ ಯಾಕ ಬರ್ಲಿ, ತಮ್ಮಾ?"

ಅವನ ಮಾತು ನ್ಯಾಯದ್ದೇ. ಸಾಲ್ಟ್ ಲೇಕಿನಲ್ಲಿ ಪುಕ್ಕಟೆ ಅನ್ನುವುದರ ಹಿಂದೆ ಖರ್ಚು ಹೊರುವ ದೊಡ್ಡ ಚರ್ಚಿದೆ. ಅವನಿಗೆ ಆ ಹೊತ್ತಿಗೆಯೇ ಹೊಲ. ಪ್ರತಿ ಮಾಡುವುದಾದರೆ ಅವನಿಗೆ ದುಡ್ಡು ಕೊಟ್ಟು ಮಾಡಬೇಕು, ಯಾರಿಗೆ ತೋರಿಸಬೇಕೆಂಬುದು ಅವನ ಕೈಯಲ್ಲೇ ಇರಬೇಕು. ಅದಕ್ಕೂ ಮೊದಲು ಅವನ ದನಿ ರೆಕಾರ್ಡ್ ಆಗಬೇಕು. ಹೊತ್ತಿಗೆಯಲ್ಲಿರುವುದು ಬರೀ ಹೆಸರು, ಸಾಲದ ಸಂಗತಿ ಇರುವುದು ಅವನ ಬಾಯಲ್ಲಿ. ಅವನ ಮಗ ಈಗ ಹುಬ್ಬಳ್ಳಿಯಲ್ಲಿ ಡಿಪ್ಲೊಮಾ ಓದುತ್ತಿದ್ದಾನೆ.

ನಮ್ಮ ದೊಡ್ಡವ್ವನ ತಕರಾರು ಬೇರೆಯೇ. "ಅದರಾಗ ನನ್ನ ಹೆಸರು ಎಲ್ಲೈತಿ?" ಅಂದಳು.

"ಹೆಣ್ಮಕ್ಕಳದು ಬರಿಯೂದಿಲ್ಲವ್ವಾ."

ದೊಡ್ಡವ್ವ ಮೊರದ ತುಂಬ ಜೋಳ ಹಿಡಿದು ಹೊಸ್ತಿಲಲ್ಲೇ ನಿಂತಳು. "ಮೊದಲ ನನ್ನ ಮೊಮ್ಮಗಳ ಹೆಸರು ಬರಿ, ಆಮ್ಯಾಲ ಸುರೀತೀನಿ."

ಹೆಳವ ನನ್ನ ಮುಖ ನೋಡಿದ, ಜೋಳ ನೋಡಿದ, ಪೆನ್ ಕೇಳಿದ.