ಒಂದು ವೈಪರ್ ಕೇಳಿದ್ದಕ್ಕೆ ಸನ್‌ರೂಫ್ ತೋರಿಸಿದರು

ಯಾವ ಕಾರು ಅನ್ನೋದು ನಮ್ಮ ಮನೆಯಲ್ಲಿ ಒಂದೇ ಸಂಜೆಗೆ ಇತ್ಯರ್ಥವಾಯಿತು. ಯಾವ ವೇರಿಯಂಟ್, ಅಂದ್ರೆ ಅದೇ ಕಾರಿನಲ್ಲಿ ಕೆಳಗಿನ ದರ್ಜೆಯಿಂದ ಎಲ್ಲ ಸೌಲಭ್ಯ ಇರುವ ಟಾಪ್ ಎಂಡ್‌ವರೆಗೆ ಯಾವುದು ಅನ್ನೋದಕ್ಕೆ ಮಾತ್ರ ದಸರಾ ಹೋಗಿ ದೀಪಾವಳಿ ಬಂತು.

2025ರ ಸೆಪ್ಟೆಂಬರ್ 22ಕ್ಕೆ ಸಣ್ಣ ಕಾರುಗಳ ಜಿಎಸ್‌ಟಿ ಶೇ 28ರಿಂದ 18ಕ್ಕೆ ಇಳಿಯಿತಲ್ಲ, ಅವತ್ತೇ ನವರಾತ್ರಿ ಶುರು. ಬೆಳಿಗ್ಗೆ ಎದ್ದು ಹಲ್ಲುಜ್ಜುವುದರೊಳಗೆ ಗದಗಿನ ಕಾಕಾ ಫೋನ್ ಹಚ್ಚಿದರು. "ತಮ್ಮಾ, ಈಗ ತಗೊಳ್ಳಲಿಲ್ಲಂದ್ರ ಮತ್ಯಾವಾಗ ತಗೋತೀ? ಉಳಿದ ರೊಕ್ಕದಾಗ ಟಾಪ್ ಎಂಡ್ ತಗೊಂಡುಬಿಡು." ಕಾಕಾನ ಲೆಕ್ಕದಲ್ಲಿ ಸರ್ಕಾರ ತೆರಿಗೆ ಇಳಿಸಿದ್ದು ಅಂದ್ರೆ ನನ್ನ ಜೇಬಿಗೆ ರೊಕ್ಕ ಹಾಕಿದ ಹಾಗೆ. ಇಲ್ಲದ ರೊಕ್ಕ ಉಳಿಯುವುದು ಹೇಗೆ ಅಂತ ಕೇಳಬೇಕೆನಿಸಿತು. ಹಬ್ಬದ ದಿನ ಯಾಕೆ ಅಂತ ಸುಮ್ನಾದೆ.

ಗೋಕುಲ ರೋಡಿನ ಶೋರೂಮಿಗೆ ಹೋದೆವು. ನಾನು, ಹೆಂಡತಿ, ಅವ್ವ, ಮಗ. ನಮಗೆ ಬೇಕಿದ್ದದ್ದು ನಾಲ್ಕು ಮೀಟರ್ ಒಳಗಿನ ಒಂದು ಸಣ್ಣ ಎಸ್‌ಯುವಿ. ಹೊರಗೆ ಟೆಸ್ಟ್ ಡ್ರೈವ್‌ಗೆ ನಿಲ್ಲಿಸಿದ್ದು ಟಾಪ್ ಎಂಡ್, ಒಳಗೆ ಹಾರ ಹಾಕಿ ದೀಪದ ಕೆಳಗೆ ನಿಲ್ಲಿಸಿದ್ದೂ ಟಾಪ್ ಎಂಡ್. ನಾವು ನಿಜಕ್ಕೂ ಕೊಳ್ಳುವ ಗಾಡಿ ಊರಾಚೆ ಎಲ್ಲೋ ಯಾರ್ಡಿನಲ್ಲಿ ಧೂಳು ಹೊದ್ದುಕೊಂಡು ಮಲಗಿರುತ್ತೆ, ಅದನ್ನು ಯಾರೂ ತೋರಿಸುವುದಿಲ್ಲ. ಟೆಸ್ಟ್ ಡ್ರೈವ್‌ನಲ್ಲಿ ಸೀಟು ಬೇಕಾದಷ್ಟು ಎತ್ತರಕ್ಕೆ ಏಳುತ್ತಿತ್ತು, ರಿವರ್ಸ್ ಹಾಕಿದರೆ ಹಿಂದಿನದೆಲ್ಲ ಪರದೆ ಮೇಲೆ ಕಾಣುತ್ತಿತ್ತು, ಕೈಯಿಟ್ಟಲ್ಲೆಲ್ಲ ಮೆತ್ತಗೆ. ಅಕ್ಷಯ ಪಾರ್ಕ್ ಕಡೆ ಒಂದು ಸುತ್ತು ಹಾಕಿ ಬರುವುದರೊಳಗೆ ನಮ್ಮ ಮನೆಯವರೆಲ್ಲ ಆ ಗಾಡಿಗೆ ಮನಸ್ಸು ಕೊಟ್ಟು ಕೂತಿದ್ದರು. ಆಮೇಲೆ ನಾನು ನಮ್ಮ ಬಜೆಟ್ ಹೇಳಿದೆ.

ಅಲ್ಲಿಂದ ಕಳೆಯುವ ಲೆಕ್ಕ ಶುರುವಾಯಿತು.

ಸೇಲ್ಸ್ ಹುಡುಗ ಬಲು ಒಳ್ಳೆಯವನು. ಅವನ ಬಾಯಲ್ಲಿ 'ಇಲ್ಲ' ಅನ್ನೋ ಮಾತೇ ಬರುವುದಿಲ್ಲ. ಸೀಟ್ ಮ್ಯಾಲ ಕೆಳಗ ಆಗೋದು? "ಐತ್ರಿ ಸರ್ರ, ಮ್ಯಾಲಿನ ವೇರಿಯಂಟ್‌ನ್ಯಾಗ." ಹಿಂದಿನ ಕ್ಯಾಮೆರಾ? "ಐತ್ರಿ, ಮ್ಯಾಲಿನದರಾಗ." ಅಲಾಯ್ ವೀಲ್? "ಐತ್ರಿ." ಎಲ್ಲಿ ಅಂತ ಮೂರನೇ ಸಲ ನಾವೂ ಕೇಳಲಿಲ್ಲ. ಹೆಂಡತಿ ಬ್ರೋಷರ್ ಹಿಂದಿನ ಪುಟ ತೆಗೆದು, ಕನ್ನಡಕ ಏರಿಸಿ, ಪೆನ್ನು ಹಿಡಿದು ಕೂತಳು. ಇದ್ದದ್ದಕ್ಕೆ ಕಪ್ಪು ಚುಕ್ಕೆ, ಇಲ್ಲದ್ದಕ್ಕೆ ಅಡ್ಡಗೆರೆ. ನಮ್ಮ ವೇರಿಯಂಟಿನ ಸಾಲಿನಲ್ಲಿ ಅಡ್ಡಗೆರೆಗಳೇ ಜಾಸ್ತಿ. ಕೆಳಗೆ ಇರುವೆ ಗಾತ್ರದ ಅಕ್ಷರದಲ್ಲಿ, ಚಿತ್ರದಲ್ಲಿ ಕಾಣುವುದೆಲ್ಲ ಎಲ್ಲ ಗಾಡಿಯಲ್ಲೂ ಇರಬೇಕೆಂದಿಲ್ಲ ಅಂತ ಒಂದು ಸಾಲು. "ರೀ, ನಮ್ಮದರಾಗ ಹಿಂದಿನವರಿಗೆ ಎಸಿ ಐತಿ ನೋಡ್ರಿ," ಅಂದಳು, ಏನೋ ಕಳೆದುಹೋದದ್ದು ಸಿಕ್ಕವರಂತೆ. ಅವ್ವನ ಮುಖ ಅರಳಿತು. ಅವಳಿಗೆ ಅಷ್ಟು ಸಾಕಾಗಿತ್ತು. ಏಪ್ರಿಲ್ ತಿಂಗಳಲ್ಲಿ ಹಿಂದಿನ ಸೀಟಿನಲ್ಲಿ ಕೂತು ಗದಗಿಗೆ ಹೋಗಿಬಂದವರಿಗೇ ಗೊತ್ತು ಅದರ ಬೆಲೆ.

ನನಗೆ ಬೇಕಿದ್ದದ್ದು ಒಂದೇ ಒಂದು. ಹಿಂದಿನ ಗಾಜಿಗೆ ವೈಪರ್.

ಇದು ಶೋಕಿ ಅಲ್ಲ. ಹಿಂಬದಿ ನೆಟ್ಟಗೆ ಕತ್ತರಿಸಿದಂತಿರುವ ಗಾಡಿಗಳಲ್ಲಿ ಚಾವಣಿ ಮೇಲಿಂದ ಬಂದ ಗಾಳಿ ಗಾಜಿಗೆ ಅಂಟಿಕೊಂಡು ಕೆಳಗೆ ಇಳಿಯುವುದಿಲ್ಲ, ಹಾಗೇ ಹಿಂದಕ್ಕೆ ಹಾರಿಹೋಗುತ್ತೆ, ಹಿಂದೆ ಖಾಲಿ ಬಿದ್ದ ಜಾಗಕ್ಕೆ ಕೆಳಗಿನ ಧೂಳು, ಚಕ್ರ ಎರಚಿದ ರಾಡಿ, ಎಲ್ಲ ಸುತ್ತಿ ಬಂದು ಗಾಜಿನ ಮೇಲೆ ಕೂರುತ್ತೆ. ಹಿಂದೆ ಡಿಕ್ಕಿ ಚಾಚಿಕೊಂಡಿರುವ ಸೆಡಾನ್‌ಗಳಿಗೆ ಈ ಕಾಟ ಕಡಿಮೆ. ಇನ್ನು ನಮ್ಮೂರು ಹುಬ್ಬಳ್ಳಿ. ಚೆನ್ನಮ್ಮ ಸರ್ಕಲ್ ಕಡೆ ಫ್ಲೈಓವರ್ ಕೆಲಸದ ಧೂಳು, ಊರು ದಾಟಿದರೆ ಎರಿ ಹೊಲದ ಮಣ್ಣು. ಮಳೆ ಬಿದ್ದ ಮೇಲೆ ಹೊಲದಿಂದ ಟ್ರ್ಯಾಕ್ಟರ್ ಡಾಂಬರು ಏರಿತೆಂದರೆ ರಸ್ತೆ ತುಂಬ ಕರಿ ಹೆಂಟೆ. ಇಂಥ ಊರಲ್ಲಿ ಹಿಂದಿನ ವೈಪರ್ ಬೇಕು ಅನ್ನೋದು ದುರಾಸೆಯಾ?

"ಐತ್ರಿ ಸರ್ರ, ಟಾಪ್ ಎಂಡ್‌ನ್ಯಾಗ," ಅಂದ ಹುಡುಗ. ಆಮೇಲೆ ದನಿ ತಗ್ಗಿಸಿ, ಗುಟ್ಟು ಹೇಳುವವನಂತೆ, "ಅದರಾಗ ಸನ್‌ರೂಫ್‌ನೂ ಬರ್ತೈತ್ರಿ."

ನನಗೆ ಸನ್‌ರೂಫ್ ಯಾಕಪ್ಪಾ? ಬಿಸಿಲು ಒಳಗೆ ಬರದಿರಲಿ ಅಂತ ಕಾರು ಕೊಳ್ಳುತ್ತಿರುವವನು ನಾನು. ಎರಡು ಗಾಲಿಯ ಮೇಲೆ ಇಷ್ಟು ವರ್ಷ ಹುಬ್ಬಳ್ಳಿಯ ಆಕಾಶ ಬೇಕಾದಷ್ಟು ನೋಡಿದ್ದೇನೆ. ಅದೂ ಅಲ್ಲದೆ ಸನ್‌ರೂಫ್ ಚೌಕಟ್ಟಿನ ಮೂಲೆಗಳಲ್ಲಿ ನೀರು ಇಳಿದುಹೋಗಲಿಕ್ಕೆ ಸಣ್ಣ ಕೊಳವೆಗಳಿರುತ್ತವೆ. ಧೂಳು, ಎಲೆ ಕೂತು ಅವು ಕಟ್ಟಿಕೊಂಡರೆ ಮಳೆನೀರು ನೇರ ತಲೆ ಮೇಲೆ. ಧೂಳಿಗೆ ಹೆದರಿ ವೈಪರ್ ಕೇಳಿದವನಿಗೆ ಧೂಳು ತುಂಬಿಸಿಕೊಳ್ಳುವ ಇನ್ನೊಂದು ಸಾಮಾನು! ಖಾನಾವಳಿಯಲ್ಲಿ ರೊಟ್ಟಿ ಜೊತೆ ಕಡಿಯಲಿಕ್ಕೆ ಒಂದು ಉಳ್ಳಾಗಡ್ಡಿ ಕೇಳಿದರೆ, "ಉಳ್ಳಾಗಡ್ಡಿ ಬೇಕಂದ್ರ ಹೋಳಿಗಿ ಊಟನ ತಗೋಬೇಕ್ರಿ" ಅಂದಂಗಾಯಿತು. ವೈಪರ್ ರಬ್ಬರು ಕೆಲವು ನೂರು ರೂಪಾಯಿ ಬಾಳುತ್ತೆ. ಮೋಟರು, ವೈರು ಎಲ್ಲ ಸೇರಿಸಿ ಬೇರೆ ರೊಕ್ಕ ತಗೊಂಡು ಹಾಕಿಕೊಡ್ರಪ್ಪಾ ಅಂದೆ. ಹಾಗೆ ಬರುವುದಿಲ್ಲವಂತೆ. ಕಂಪನಿಯಿಂದಲೇ ಗಂಟು ಕಟ್ಟಿ ಬಂದಿರುತ್ತೆ.

ಆ ಗಂಟಿನ ಲೆಕ್ಕ ಕೇಳಿ. ನಮ್ಮ ವೇರಿಯಂಟ್ ಸುಮಾರು 9.30 ಲಕ್ಷ, ಟಾಪ್ ಎಂಡ್ 10.30. ಒಂದು ಲಕ್ಷ ತಾನೇ ಅಂತ ಭಾವ ಅಂದ. ಒಂದು ಲಕ್ಷ ಅಲ್ಲ. ನಮ್ಮ ರಾಜ್ಯದಲ್ಲಿ 5ರಿಂದ 10 ಲಕ್ಷದವರೆಗಿನ ಕಾರಿಗೆ ಜೀವಿತಾವಧಿ ತೆರಿಗೆ ಶೇ 14. ಹತ್ತು ದಾಟಿದರೆ ಶೇ 17, ಅದೂ ದಾಟಿದ ಮೂವತ್ತು ಸಾವಿರಕ್ಕಲ್ಲ, ಪೂರ್ತಿ ಬೆಲೆಗೆ. ಅಂದ್ರೆ 1,30,200 ಇದ್ದದ್ದು 1,75,100 ಆಗುತ್ತೆ, ಮೇಲೆ ಸೆಸ್ ಬೇರೆ, ವಿಮೆ ಏರಿದ್ದು ಬೇರೆ. ಹೆಚ್ಚುಕಡಿಮೆ ಒಂದೂವರೆ ಲಕ್ಷಕ್ಕೆ ಒಂದು ವೈಪರ್. ಅಷ್ಟು ರೊಕ್ಕಕ್ಕೆ ಗಾಜು ಒರೆಸಲಿಕ್ಕೆ ಒಬ್ಬ ಹುಡುಗನನ್ನೇ ಹಿಂದಿನ ಸೀಟಿನಲ್ಲಿ ಕೂರಿಸಿಕೊಂಡು ಓಡಾಡಬಹುದಿತ್ತು. ಭಾವ ಕ್ಯಾಲ್ಕ್ಯುಲೇಟರ್ ಒತ್ತಿ ನೋಡಿ ಮಾತು ಬದಲಿಸಿದ.

ನಾವು ನಡುವಿನದನ್ನೇ ಬುಕ್ ಮಾಡಿದೆವು. ಪಾಡ್ಯದ ದಿನ ಕೆಎ 63 ಅಂತ ಬರೆಸಿಕೊಂಡು ಮನೆಗೆ ಬಂತು. ನಿಂಬೆಹಣ್ಣು, ಕಾಯಿ, ಚೆಂಡು ಹೂವಿನ ಮಾಲೆ, ಎಲ್ಲ ಆಯಿತು. ಓಣಿಯ ಮಂದಿ ನೋಡಲು ಬಂದರು. ಬಂದವರೆಲ್ಲ ಒಳಗೆ ಕೂತು ಮೊದಲು ನೋಡಿದ್ದು ಮೇಲಕ್ಕೆ. "ಸನ್‌ರೂಫ್ ಇಲ್ಲೇನ್ರಿ?" ಎಂಜಿನ್ ಎಷ್ಟು ಸಿಸಿ, ಮೈಲೇಜ್ ಎಷ್ಟು, ಅದೆಲ್ಲ ಯಾರಿಗೂ ಬೇಡ. ಪಕ್ಕದ ಮನೆಯವರದ್ದು ಟಾಪ್ ಎಂಡ್. ಅವರು ಬಹಳ ಮೃದುವಾಗಿ, "ಇರಲಿ ಬಿಡ್ರಿ, ನಮಗ ಅದು ಅಷ್ಟೇನ್ ಬಳಕಿ ಆಗೂದಿಲ್ಲ," ಅಂದರು. ಬೈದಿದ್ದರೆ ಇಷ್ಟು ನೋಯುತ್ತಿರಲಿಲ್ಲ.

ಗಾಡಿ ಮನೆಗೆ ಬಂದ ಮೇಲೆ ಕಂಡದ್ದು ಡಮ್ಮಿ ಬಟನ್‌ಗಳು. ಸ್ಟೇರಿಂಗ್ ಪಕ್ಕ, ಮೊಣಕಾಲ ಹತ್ತಿರ, ಸಾಲಾಗಿ ಬಟನ್ ಕೂರಿಸುವ ಚೌಕಗಳು. ಒಂದು ಹೆಡ್‌ಲೈಟ್ ಎತ್ತರ ಸರಿಮಾಡುವುದು. ಉಳಿದದ್ದಕ್ಕೆಲ್ಲ ಕಪ್ಪು ಪ್ಲಾಸ್ಟಿಕ್ ಮುಚ್ಚಳ. ಉಗುರು ಹಾಕಿ ಎತ್ತಿದರೆ ಒಂದು ಮುಚ್ಚಳ ಕೈಗೇ ಬಂತು. ಒಳಗೆ ತೂತು, ಅದರಾಚೆ ಕತ್ತಲು. ವೈಪರ್ ಲಿವರ್ ತುದಿಯಲ್ಲೂ ಅದೇ ಕಥೆ, ಟಾಪ್ ಎಂಡ್‌ನಲ್ಲಿ ತಿರುಗುವ ಉಂಗುರ ಇದ್ದ ಜಾಗ ನಮ್ಮದರಲ್ಲಿ ನುಣ್ಣಗೆ. ಏನು ಇಲ್ಲವೋ ಅದರ ಜಾಗ ಮಾತ್ರ ಜೋಪಾನವಾಗಿ ಇಟ್ಟಿದ್ದಾರೆ. ಉಣಕಲ್ ಹತ್ತಿರ ಸಿಗ್ನಲ್ ಬಿದ್ದು ಚಿಗರಿ ಬಸ್ಸುಗಳು ತಮಗಂತಲೇ ಬಿಟ್ಟ ದಾರಿಯಲ್ಲಿ ಜುಂ ಅಂತ ಹೋಗುವಾಗ ನಾನು ಕೂತು ಆ ಮುಚ್ಚಳಗಳನ್ನೇ ನೋಡುತ್ತಿರುತ್ತೇನೆ. ಮಗ ಅವುಗಳನ್ನು ಒಂದೊಂದಾಗಿ ಒತ್ತಿ, ಇದು ರಾಕೆಟ್, ಇದು ನೀರಾಗ ಹೋಗೋದು ಅಂತ ಹೆಸರಿಟ್ಟಿದ್ದಾನೆ. ಅವನ ಮಟ್ಟಿಗೆ ನಮ್ಮದೇ ಟಾಪ್ ಎಂಡ್.

ಇದ್ದದ್ದನ್ನೂ ಹೇಳಬೇಕಲ್ವಾ. ಸರ್ಕಾರ ಕಡ್ಡಾಯ ಮಾಡಿದ್ದೆಲ್ಲ ಕೆಳಗಿನ ವೇರಿಯಂಟ್‌ನಲ್ಲೂ ಬರುತ್ತೆ. ಜೋರು ಬ್ರೇಕ್ ಹಾಕಿದರೂ ಗಾಲಿ ಕಚ್ಚಿಕೊಳ್ಳದಂತೆ ಮಾಡುವ ಎಬಿಎಸ್ ಆಯಿತು, ಮುಂದೆ ಎರಡು ಏರ್‌ಬ್ಯಾಗ್ ಆಯಿತು. 2019ರ ಜುಲೈನಿಂದ ಹಿಂದಿನ ಪಾರ್ಕಿಂಗ್ ಸೆನ್ಸರ್, ಸೀಟ್ ಬೆಲ್ಟ್ ಹಾಕದಿದ್ದರೆ ಕೂಗುವುದು, 80 ದಾಟಿದರೆ ಎಚ್ಚರಿಸುವುದು, ಇವೂ ಸೇರಿದವು. ಒಳ್ಳೆಯ ಕೆಲಸವೇ, ಜೀವ ಉಳಿಸುವ ಸಾಮಾನು. ಆದರೆ ಇವುಗಳಲ್ಲಿ ಮುಕ್ಕಾಲು ಪಾಲು ಬರೀ ಕೂಗುವ ಸಾಮಾನು. ಮುಂದಿನ ಸೀಟಿನಲ್ಲಿ ಜೋಳದ ಚೀಲ ಇಟ್ಟರೂ ಬೆಲ್ಟ್ ಹಾಕು ಅಂತ ಕೂಗುತ್ತೆ. ಚೀಲಕ್ಕೆ ಬೆಲ್ಟ್ ಹಾಕಿ ಕೂರಿಸಿಕೊಂಡು ಬಂದಿದ್ದೇವೆ. ಗದಗ ರಸ್ತೆಯಲ್ಲಿ ಸ್ಪೀಡ್ 80 ದಾಟಿ ಟಿಣ್ ಅಂದಾಗೆಲ್ಲ ಅವ್ವ ಹಿಂದಿನಿಂದ, "ಫೋನ್ ಬಂತು ನೋಡೋ," ಅನ್ನುತ್ತಾಳೆ. ಹಿಂದಿನ ವೈಪರ್ ಕಡ್ಡಾಯ ಮಾಡುವ ಪುಣ್ಯಾತ್ಮ ಮಾತ್ರ ದಿಲ್ಲಿಯಲ್ಲಿ ಇನ್ನೂ ಹುಟ್ಟಿಲ್ಲ.

ಆ ಹಿಂಗಾರಿ ಮಳೆಯಲ್ಲಿ ಕಾಕಾನ ಮನೆಗೆ ಹೋಗುವಾಗ ಅಣ್ಣಿಗೇರಿ ದಾಟುವುದರೊಳಗೆ ಹಿಂದಿನ ಗಾಜು ಪೂರ್ತಿ ಕರಿ ಹಲಗೆ ಆಗಿತ್ತು. ಹಿಂದೆ ಬರುತ್ತಿದ್ದದ್ದು ಲಾರಿಯೋ ಬಸ್ಸೋ, ಹಾರ್ನ್ ಕೇಳಿ ಅಂದಾಜು ಮಾಡಬೇಕು. ಗಾಡಿ ಬದಿಗೆ ಹಾಕಿ, ಕುಡಿಯುವ ನೀರಿನ ಬಾಟಲಿ ಸುರುವಿ, ಹಳೇ ಪಂಚೆ ತುಂಡಿನಿಂದ ತಿಕ್ಕಿದೆ. ಎರಿ ಮಣ್ಣು ತಿಕ್ಕಿದಷ್ಟೂ ಹರಡುತ್ತೆ. ಗದಗ ಮುಟ್ಟಿದಾಗ ಕಾಕಾ ಗಾಡಿ ಸುತ್ತ ಒಂದು ಪ್ರದಕ್ಷಿಣೆ ಹಾಕಿ, ಗಾಜು ನೋಡಿ, "ನಾ ಟಾಪ್ ಎಂಡ್ ಅಂತ ಹೇಳಿದ್ನೋ ಇಲ್ಲೋ?" ಅಂದರು. ಆ ಒಂದು ಮಾತಿಗೆ ಅಂಗಿ ತೋಳಿನವರೆಗೆ ರಾಡಿ ಆದದ್ದೂ ಸಣ್ಣದೆನಿಸಿತು.

ಊರಿಗೆ ಬಂದು ಅಕ್ಸೆಸರಿ ಅಂಗಡಿಗೆ ಹೋದೆ. ಅಂಗಡಿಯವನು ಗಾಜು ತಟ್ಟಿ, ಬಾಗಿಲು ಎತ್ತಿ, ಒಳಗೆ ಬೆರಳಾಡಿಸಿ ನೋಡಿದ. "ಗಾಜಿಗೆ ತೂತಿಲ್ಲ, ವೈರ್ ಬಂದಿಲ್ಲ, ನೀರ್ ಪೈಪೂ ಇಲ್ಲ. ಗಾಜು ಬದಲಿಸಿ ಕೂರಸ್ಬಹುದು ಸರ್ರ, ಆದ್ರ ಕಂಪನಿಯವ್ರು ವಾರಂಟಿ ಇಲ್ಲ ಅಂದ್ರ ನನ್ನ ಕೇಳಬ್ಯಾಡ್ರಿ." ಆಮೇಲೆ ನನ್ನ ಮುಖ ನೋಡಿ ಪಾಪ ಅನಿಸಿತೇನೋ, "ಬೇಕಂದ್ರ ಸನ್‌ರೂಫ್ ಸ್ಟಿಕ್ಕರ್ ಅದಾವ್ರಿ. ಮ್ಯಾಲ ಹಚ್ಚಿದ್ರ ದೂರಿಂದ ಥೇಟ್ ಖರೇ ಅನಸ್ತೈತಿ," ಅಂದ.

ಮೊನ್ನೆ ಶೋರೂಮಿನ ಹುಡುಗ ತಾನಾಗಿ ಫೋನ್ ಮಾಡಿದ. ದನಿಯಲ್ಲಿ ಉತ್ಸಾಹ ತುಂಬಿ ತುಳುಕುತ್ತಿತ್ತು. "ಸರ್ರ, ಖುಷಿ ಸುದ್ದಿ! ನಿಮ್ಮ ವೇರಿಯಂಟ್‌ಗೇ ಈಗ ಕಂಪನಿಯವ್ರು ಹಿಂದಿನ ವೈಪರ್ ಕೊಟ್ಟಾರ್ರಿ. ರೇಟ್ ಅದ ಐತ್ರಿ. ನೀವು ಅವತ್ತು ಭಾಳ ಕೇಳಿದ್ರಲ್ಲ, ನೆನಪಾತು." ನಾನು ಸ್ವಲ್ಪ ಹೊತ್ತು ಸುಮ್ಮನಿದ್ದೆ. ಇಷ್ಟು ದಿನದಲ್ಲಿ ಅಡ್ಡಗೆರೆ ಹುಡುಕುವುದು ನನಗೂ ಚೆನ್ನಾಗಿ ರೂಢಿಯಾಗಿದೆ.

"ವೈಪರ್ ಕೊಟ್ಟು ಏನ್ ತಗದಾರೋ ತಮ್ಮಾ?"

"ಏನಿಲ್ರಿ ಸರ್ರ... ಹಿಂದಿನ ಎಸಿ ಅಷ್ಟ. ಅದೂ ಐತ್ರಿ, ಟಾಪ್ ಎಂಡ್‌ನ್ಯಾಗ."

ಸ್ಪೀಕರ್ ಆನ್ ಇತ್ತು. ಅವ್ವ ಅಡುಗೆಮನೆಯಿಂದಲೇ, "ಯಾರದು ಫೋನು? ಇಡು, ಮೊದಲ ಇಡು," ಅಂದಳು.