ಚೆಂಡು ಎಷ್ಟು ಸಲ ಸಿಕ್ಕಿತು ಅನ್ನೋದಷ್ಟೇ ಆಟವಲ್ಲ

ಮೆಲ್ಬರ್ನ್‌ನಲ್ಲಿರುವ ನಮ್ಮ ಕನ್ನಡದವರು ಎಷ್ಟೋ ಜನ ಈಗ ಫೂಟಿ ನೋಡುತ್ತಾರೆ. ನನಗೆ ನಿಜಕ್ಕೂ ಖುಷಿ. ಆದರೆ ಮ್ಯಾಚ್ ಮುಗಿದ ಮೇಲೆ ನಡೆಯುವ ಚರ್ಚೆ ಕೇಳಿದರೆ ಬೇಜಾರಾಗುತ್ತದೆ. "ಇವನಿಗೆ 35 ಡಿಸ್ಪೋಸಲ್, ಸೂಪರ್. ಅವನಿಗೆ ಬರೀ 9, ಮುಂದಿನ ವಾರ ಕೈಬಿಡಬೇಕು." ತೀರ್ಪು ಮುಗೀತು. ತಂಡ ಯಾಕೆ ಗೆದ್ದಿತು, ಯಾಕೆ ಸೋತಿತು ಅನ್ನೋದು ಈ ಒಂದು ಅಂಕಿಯಲ್ಲಿ ಸಿಗುವುದಿಲ್ಲ.

ಈ ಆಟ ಗೊತ್ತಿಲ್ಲದವರಿಗಾಗಿ ಸ್ವಲ್ಪ ಹೇಳುತ್ತೇನೆ. ಆಸ್ಟ್ರೇಲಿಯನ್ ರೂಲ್ಸ್ ಫುಟ್‌ಬಾಲ್ ನಡೆಯುವುದು ದೊಡ್ಡ ಓವಲ್ ಮೈದಾನದಲ್ಲಿ. ಎಷ್ಟೋ ಕಡೆ ಬೇಸಿಗೆಯಲ್ಲಿ ಕ್ರಿಕೆಟ್ ಆಡುವ ಅದೇ ಮೈದಾನ. ಒಂದೊಂದು ಕಡೆ 18 ಜನ. ಮಧ್ಯದ ಎರಡು ಎತ್ತರದ ಕಂಬಗಳ ನಡುವೆ ಚೆಂಡು ಒದ್ದರೆ ಗೋಲು, 6 ಅಂಕ. ಪಕ್ಕದ ಗಿಡ್ಡ ಕಂಬದ ಸಂದಿಯಲ್ಲಿ ಹೋದರೆ ಬಿಹೈಂಡ್, 1 ಅಂಕ. ಕಾಲಲ್ಲಿ ಒದ್ದರೆ ಕಿಕ್, ಮುಷ್ಟಿಯಿಂದ ಗುದ್ದಿ ದಾಟಿಸಿದರೆ ಹ್ಯಾಂಡ್‌ಬಾಲ್. ಎರಡೂ ಕೂಡಿದರೆ ಡಿಸ್ಪೋಸಲ್. ಪಕ್ಕದಲ್ಲೇ ನಿಂತವನಿಗೆ ಕೊಟ್ಟ ಸುಲಭದ ಹ್ಯಾಂಡ್‌ಬಾಲೂ ಒಂದು, ಇಬ್ಬರ ಹಿಡಿತದಿಂದ ತಪ್ಪಿಸಿಕೊಂಡು 50 ಮೀಟರ್ ಒದ್ದ ಕಿಕ್ಕೂ ಒಂದು. ತೊಂದರೆ ಇರುವುದೇ ಇಲ್ಲಿ.

2018ರ ಮೊದಲ ಸುತ್ತಿನಲ್ಲಿ ಹಾಥಾರ್ನ್ ತಂಡದ ಟಾಮ್ ಮಿಚೆಲ್ ಕಾಲಿಂಗ್‌ವುಡ್ ತಂಡದ ವಿರುದ್ಧ 54 ಡಿಸ್ಪೋಸಲ್ ಪಡೆದ. ಅದು ದಾಖಲೆ. ಅವತ್ತು ಹಾಥಾರ್ನ್ 34 ಅಂಕಗಳಿಂದ ಗೆದ್ದಿತು. ಲೀಗಿನಲ್ಲಿ ವರ್ಷದ ಅತ್ಯುತ್ತಮ ಆಟಗಾರನಿಗೆ ಕೊಡುವ ಬ್ರೌನ್‌ಲೋ ಪದಕವೂ ಆ ವರ್ಷ ಅವನದೇ. ದೊಡ್ಡ ಆಟಗಾರ, ಎರಡು ಮಾತಿಲ್ಲ. ಆದರೆ ವರ್ಷದ ಕೊನೆಗೆ ಏನಾಯಿತು? ಹಾಥಾರ್ನ್ ಲೀಗ್ ಪಂದ್ಯಗಳ ನಂತರದ ಫೈನಲ್ಸ್ ಹಂತದಲ್ಲಿ ಎರಡೂ ಪಂದ್ಯ ಸೋತು ಹೊರಬಿತ್ತು. ಆ 54 ಬಿಟ್ಟುಕೊಟ್ಟ ಕಾಲಿಂಗ್‌ವುಡ್, ಕಪ್ ನಿರ್ಧರಿಸುವ ಗ್ರ್ಯಾಂಡ್ ಫೈನಲ್ ತನಕ ಹೋಗಿ ವೆಸ್ಟ್ ಕೋಸ್ಟ್ ಎದುರು ಬರೀ 5 ಅಂಕಗಳಿಂದ ಸೋತಿತು. ಒಬ್ಬನ ಲೆಕ್ಕ ನೋಡಿ ತಂಡವನ್ನು ಅಳೆಯೋಕೆ ಆಗಲ್ಲ ಅಂತ ನಾನು ಹೇಳುವುದು ಇದಕ್ಕೇ.

ಹಾಗಾದರೆ ತಂಡದ ಒಟ್ಟು ಅಂಕಿ ನೋಡಿದರೆ ಸಾಕಾ? ಅದೂ ಸಾಲದು. 2008ರ ಗ್ರ್ಯಾಂಡ್ ಫೈನಲ್ ಇದಕ್ಕೆ ನಾನು ಕಂಡ ಅತ್ಯುತ್ತಮ ಉದಾಹರಣೆ. ಜೀಲಾಂಗ್ ಆ ವರ್ಷ ಲೀಗ್ ಹಂತದ 22 ಪಂದ್ಯಗಳಲ್ಲಿ ಸೋತಿದ್ದು ಒಂದೇ ಒಂದು. ಫೈನಲ್‌ನಲ್ಲೂ ಎದುರಾಳಿ ಗೋಲಿನ 50 ಮೀಟರ್ ಒಳಗೆ 62 ಸಲ ಚೆಂಡು ನುಗ್ಗಿಸಿತು. ಹಾಥಾರ್ನ್ ನುಗ್ಗಿಸಿದ್ದು 43 ಸಲ. ಈ ಇನ್‌ಸೈಡ್ 50 ಅಂಕಿ ಮಾತ್ರ ತೋರಿಸಿ ಯಾರು ಗೆದ್ದಿರಬಹುದು ಅಂತ ಕೇಳಿದರೆ ಎಲ್ಲರೂ ಜೀಲಾಂಗ್ ಅಂತಲೇ ಹೇಳುತ್ತಾರೆ ಅಲ್ವಾ? ಹಾಥಾರ್ನ್ 115, ಜೀಲಾಂಗ್ 89.

ಸ್ಕೋರನ್ನು ಬಿಡಿಸಿ ನೋಡಿ. ಹಾಥಾರ್ನ್ 18 ಗೋಲು, 7 ಬಿಹೈಂಡ್. ಜೀಲಾಂಗ್ 11 ಗೋಲು, 23 ಬಿಹೈಂಡ್. "ಪಾಪ, ಜೀಲಾಂಗ್‌ನವರು 23 ಸಲ ಗುರಿ ತಪ್ಪಿದರು" ಅಂತ ಸುಮ್ನೆ ಹೇಳಿಬಿಡುವವರು ಜಾಸ್ತಿ. ಆ 23ರಲ್ಲಿ 11 ರಶ್ಡ್ ಬಿಹೈಂಡ್. ಅಂದರೆ ಹಾಥಾರ್ನ್ ಡಿಫೆಂಡರ್‌ಗಳೇ ಚೆಂಡನ್ನು ತಮ್ಮ ಗೆರೆ ದಾಟಿಸಿ ಎದುರಾಳಿಗೆ 1 ಅಂಕ ಕೊಟ್ಟು, ಕಿಕ್-ಇನ್ ಮೂಲಕ ಚೆಂಡು ತಮ್ಮ ಕೈಗೆ ಬರುವಂತೆ ನೋಡಿಕೊಂಡಿದ್ದು. 1 ಅಂಕ ಕೊಟ್ಟು 6 ಅಂಕ ಉಳಿಸುವ ಲೆಕ್ಕ. ಅದನ್ನು ತೆಗೆದರೆ ಜೀಲಾಂಗ್ ತಾನಾಗಿ ಹೊಡೆದಿದ್ದು 11 ಗೋಲು, 12 ಬಿಹೈಂಡ್. 62 ಸಲ ಒಳಗೆ ಹೋಗಿ 11 ಗೋಲು ಒಂದು ಕಡೆ, 43 ಸಲ ಹೋಗಿ 18 ಗೋಲು ಇನ್ನೊಂದು ಕಡೆ. ಪಂದ್ಯ ಇಲ್ಲಿ ನಿರ್ಧಾರವಾಯಿತು. ಅವತ್ತು ಅತ್ಯುತ್ತಮ ಆಟಗಾರನಿಗೆ ಕೊಡುವ ನಾರ್ಮ್ ಸ್ಮಿತ್ ಪದಕ ಪಡೆದದ್ದು ಹಾಥಾರ್ನ್‌ನ ಹಿಂಭಾಗ ಕಾದ ಲ್ಯೂಕ್ ಹಾಜ್. ಬೇಕಂತಲೇ ಬಿಹೈಂಡ್ ಕೊಡುವುದನ್ನು ತಡೆಯಲು 2009ರಲ್ಲಿ ನಿಯಮವನ್ನೇ ಬದಲಿಸಿದರು.

ಇನ್ನು 2017ರ ರಿಚ್ಮಂಡ್. ಹಿಂದಿನ ವರ್ಷ 13ನೇ ಸ್ಥಾನದಲ್ಲಿದ್ದ ತಂಡ. 1980ರ ನಂತರ ಕಪ್ ಕಂಡೇ ಇರಲಿಲ್ಲ. ಫೈನಲ್‌ನಲ್ಲಿ ಎದುರಿಗಿದ್ದದ್ದು ಪಟ್ಟಿಯಲ್ಲಿ ಮೊದಲ ಸ್ಥಾನದ ಅಡಿಲೇಡ್. ರಿಚ್ಮಂಡ್ ಗೆದ್ದಿತು, 108–60. ಡಸ್ಟಿನ್ ಮಾರ್ಟಿನ್ ಆ ವರ್ಷ ಬ್ರೌನ್‌ಲೋ, ನಾರ್ಮ್ ಸ್ಮಿತ್ ಎರಡೂ ಬಾಚಿಕೊಂಡ. ಎಲ್ಲರೂ ನೆನಪಿಟ್ಟುಕೊಂಡಿರುವುದು ಅವನನ್ನೇ. ನನಗೆ ಮಾತ್ರ ಆ ತಂಡ ಅಂದರೆ ಮುಂಭಾಗದ ಪುಟ್ಟ ಆಟಗಾರರು. ಡೇನಿಯಲ್ ರಿಯೋಲಿ, ಡ್ಯಾನ್ ಬಟ್ಲರ್, ಜೇಸನ್ ಕಸ್ಟಾನ್ಯ. ಡಿಸ್ಪೋಸಲ್ ಪಟ್ಟಿಯಲ್ಲಿ ಇವರನ್ನು ಮೇಲುಗಡೆ ಹುಡುಕಬೇಡಿ. ಚೆಂಡು ಹಿಡಿದ ಡಿಫೆಂಡರ್ ಮೇಲೆ ಓಡಿ ಓಡಿ ಬೀಳುವುದು ಇವರ ಕೆಲಸ. ಅವನು ಗಾಬರಿಯಲ್ಲಿ ಒದ್ದ ಚೆಂಡು ಹಿಂದೆ ನಿಂತ ಅಲೆಕ್ಸ್ ರಾನ್ಸ್‌ನಂಥವನ ಕೈ ಸೇರುತ್ತದೆ. ಎದುರಾಳಿ ಒದ್ದ ಚೆಂಡನ್ನು ಗಾಳಿಯಲ್ಲೇ ಹಿಡಿಯುವ ಈ ಇಂಟರ್‌ಸೆಪ್ಟ್ ಮಾರ್ಕ್ ರಾನ್ಸ್ ಲೆಕ್ಕಕ್ಕೆ. ಅದನ್ನು ಹುಟ್ಟಿಸಿದವನ ಹೆಸರಿನ ಮುಂದೆ, ಟಿವಿ ತೋರಿಸುವ ಪಟ್ಟಿಯಲ್ಲಿ, ಏನೂ ಇಲ್ಲ. ಒಂದು ತುದಿಯಿಂದ ಬೌಲರ್ ರನ್ ಬಿಡದೆ ಕಟ್ಟಿಹಾಕಿದಾಗ ಇನ್ನೊಂದು ತುದಿಯಲ್ಲಿ ವಿಕೆಟ್ ಬೀಳುತ್ತಲ್ಲ, ಹಾಗೆ.

ಇದನ್ನು ಅಳೆಯೋಕೆ ಆಗಲ್ಲ ಅಂತಲ್ಲ. ಈ ಆಟದ ಮುಖ್ಯ ಲೀಗ್ ಎಎಫ್ಎಲ್‌ಗೆ ಅಂಕಿ ಅಂಶ ಒದಗಿಸುವ ಚಾಂಪಿಯನ್ ಡೇಟಾ ಕಂಪನಿ ಪ್ರೆಷರ್ ಆ್ಯಕ್ಟ್, ಅಂದರೆ ಚೆಂಡು ಹಿಡಿದವನ ಮೇಲೆ ಎಷ್ಟು ಸಲ ಒತ್ತಡ ಹಾಕಿದರು ಅನ್ನೋದನ್ನು ಎಣಿಸುತ್ತದೆ. ಚೆಂಡನ್ನು ಎಷ್ಟು ಮೀಟರ್ ಮುಂದೆ ಒಯ್ದರು, ಎಷ್ಟು ಸ್ಕೋರ್‌ಗಳಲ್ಲಿ ಕೈಯಿತ್ತು ಅನ್ನೋದನ್ನೂ ಎಣಿಸುತ್ತದೆ. ಎಲ್ಲಿಂದ, ಎಂಥ ಸ್ಥಿತಿಯಲ್ಲಿ ಒದ್ದರು ಅಂತ ನೋಡಿ ಎಷ್ಟು ಅಂಕ ಬರಬೇಕಿತ್ತು ಅಂತಲೂ ಹೇಳುತ್ತದೆ. ಅಂಕಿಗಳ ಮೇಲೆ ನನಗೆ ಪೂರ್ತಿ ನಂಬಿಕೆ ಇದೆ. ನಮ್ಮ ಕಣ್ಣಿಗೆ ಬೀಳುವ ಅಂಕಿಗಳ ಆಯ್ಕೆ ಸರಿಯಿಲ್ಲ ಅನ್ನೋದು ನನ್ನ ತಕರಾರು. ಎಎಫ್ಎಲ್ ಫ್ಯಾಂಟಸಿಯಲ್ಲಿ ಕಿಕ್‌ಗೆ 3, ಹ್ಯಾಂಡ್‌ಬಾಲ್‌ಗೆ 2, ಟ್ಯಾಕಲ್‌ಗೆ 4 ಪಾಯಿಂಟ್. ಗೋಲಾಗಬೇಕಿದ್ದ ಚೆಂಡನ್ನು ಗಾಳಿಯಲ್ಲೇ ಗುದ್ದಿ ತಪ್ಪಿಸುವ ಸ್ಪಾಯಿಲ್‌ಗೆ ಸೊನ್ನೆ. ಅಂಪೈರ್‌ಗಳು ಮತ ಹಾಕುವ ಬ್ರೌನ್‌ಲೋದಲ್ಲೂ ಇದೇ ಕಥೆ. ಒಬ್ಬ ಡಿಫೆಂಡರ್ ಅದನ್ನು ಕೊನೆಯ ಸಲ ಗೆದ್ದದ್ದು 1993ರಲ್ಲಿ, ಎಸೆಂಡನ್‌ನ ಗ್ಯಾವಿನ್ ವಾಂಗನೀನ್. ಅಲ್ಲಿಂದ ಈಚೆಗೆ ಒಳ್ಳೆಯ ಡಿಫೆಂಡರ್ ಒಬ್ಬನೂ ಹುಟ್ಟಲಿಲ್ಲವಾ?

ಇನ್ನೊಂದು ಮಾತು, ವರ್ಷ ವರ್ಷದ ಸರಾಸರಿ ಹೋಲಿಸುವವರಿಗೆ. 2020ರಲ್ಲಿ ಕೋವಿಡ್ ಕಾರಣಕ್ಕೆ ಕ್ವಾರ್ಟರ್ ಅವಧಿಯನ್ನು 20 ನಿಮಿಷದಿಂದ 16ಕ್ಕೆ ಇಳಿಸಿದ್ದರು. ಆ ವರ್ಷದ ಅಂಕಿ ಕಡಿಮೆ ಇದ್ದರೆ ಆಟಗಾರ ಕುಸಿದ ಅಂತ ಬರೆಯಬೇಡಿ.

ಟಿವಿಯವರಿಗೆ ನನ್ನ ಬೇಡಿಕೆ ಚಿಕ್ಕದು. ಕ್ವಾರ್ಟರ್ ಮುಗಿದಾಗ ಯಾರಿಗೆ ಎಷ್ಟು ಡಿಸ್ಪೋಸಲ್ ಅನ್ನುವ ಪಟ್ಟಿಯ ಮೊದಲು ಎರಡು ಸಾಲು ತೋರಿಸಿ. 50 ಮೀಟರ್ ಒಳಗೆ ಹೋದದ್ದರಲ್ಲಿ ಎಷ್ಟು ಸ್ಕೋರ್ ಆಯಿತು, ಎದುರಾಳಿಯಿಂದ ಕಿತ್ತುಕೊಂಡ ಚೆಂಡಿನಿಂದ ಎಷ್ಟು ಅಂಕ ಬಂತು. ನಮ್ಮ ಗ್ರೂಪಿನ ಗೆಳೆಯರೂ ಮುಂದಿನ ಮ್ಯಾಚ್‌ನಲ್ಲಿ 9 ಡಿಸ್ಪೋಸಲ್‌ನವನನ್ನು ಒಂದು ಕ್ವಾರ್ಟರ್ ಪೂರ್ತಿ, ಚೆಂಡು ಬಿಟ್ಟು ಅವನೊಬ್ಬನನ್ನೇ ನೋಡಿ. ಆಮೇಲೆ ಅವನನ್ನು ಕೈಬಿಡಬೇಕಾ ಬೇಡವಾ ಅಂತ ಇಲ್ಲೇ ಕಾಮೆಂಟ್‌ನಲ್ಲಿ ಮಾತಾಡೋಣ.